ಕರುಳಿನ ಅಗಸಿ ಮತ್ತು ಬಮ್ಮಿಗಟ್ಟಿಯ ಬೀಗರು

ಹೊಟ್ಟೆಯ ವಿಷಯವನ್ನು ನಾಲ್ಕು ಮಂದಿಯ ಎದುರು ಆಡಬಾರದು ಎಂದು ತಿಳಿದವರು ಹೇಳುತ್ತಾರೆ. ಆ ತಿಳಿದವರ ಪೈಕಿ ನಾನಲ್ಲ. ನನಗೆ ಆಡಲು ಇರುವ ವಿಷಯವೇ ಅದೊಂದು. ಎಂಬತ್ತರ ದಶಕದಲ್ಲಿ ನಾನು ಯರಗುಪ್ಪಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಊರಿನಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಮಜ್ಜಿಗಿ ಮಾಸ್ತರ' ಎನ್ನುತ್ತಿದ್ದರು. ಯಾರ ಮನೆಯ ಮದುವೆಯಾಗಲಿ, ಜವಳವಾಗಲಿ, ಪಂಕ್ತಿಯಲ್ಲಿ ಎಲ್ಲರೂ ಬದನೆಕಾಯಿ ಎಣ್ಣೆಗಾಯಿಗೆ ಎರಡನೇ ಸಲ ಎಲೆ ಮುಂದೆ ಸರಿಸುವಾಗ ನಾನು ಮಜ್ಜಿಗೆ ಅನ್ನ ಕಲಸಿಕೊಂಡು ಬೇರೆಯವರ ಎಲೆ ನೋಡುತ್ತ ಕೂತಿರುತ್ತಿದ್ದೆ. ನನ್ನ ತಂಗಿ ನೀಲಾ ಹಸಿಮೆಣಸಿನಕಾಯಿ ಕುಟ್ಟಿ, ಸೌತೆಕಾಯಿ ಗಜ್ಜರಿ ಕೂಡಿಸಿ, ಗಡಿಗೆಯಲ್ಲಿ ನಾಲ್ಕು ದಿನ ಹುಳಿ ಬರಿಸಿ ಮಾಡುತ್ತಿದ್ದ ಕರಿಂಡಿಯ ವಾಸನೆಗೆ ಪಕ್ಕದ ಓಣಿಯವರು ಬಟ್ಟಲು ಹಿಡಿದು ಬರುತ್ತಿದ್ದರು. ನನಗೆ ಆ ವಾಸನೆಗೇ ಹೊಟ್ಟೆಯಲ್ಲಿ ಗುಡುಗು ಶುರುವಾಗುತ್ತಿತ್ತು.

ಇಂಥ ನನ್ನನ್ನು ಒಂದು ಬೇಸಿಗೆಯಲ್ಲಿ ಸರಕಾರ ಹತ್ತು ದಿನದ ಶಿಕ್ಷಕರ ತರಬೇತಿಗೆಂದು ಧಾರವಾಡಕ್ಕೆ ಕಳಿಸಿತು. ಒಂಬತ್ತು ದಿನ ನಿದ್ದೆ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಹತ್ತನೇ ದಿನ ಒಬ್ಬ ಡಾಕ್ಟರು ಬಂದು ಕರಿಹಲಗೆಯ ಮೇಲೆ ಕರುಳಿನ ಚಿತ್ರ ಬರೆದರು. ನನ್ನ ನಿದ್ದೆ ಹಾರಿ ಹೋಯಿತು. ನಮ್ಮ ಕರುಳಿನ ಒಳಗೋಡೆ ಇದೆಯಲ್ಲ, ತಿಂದ ಅನ್ನಕ್ಕೂ ನಮ್ಮ ನೆತ್ತರಿಗೂ ನಡುವಿನ ಗೋಡೆ, ಅದು ಒಂದೇ ಒಂದು ಜೀವಕೋಶದಷ್ಟು ದಪ್ಪವಂತೆ! ನಮ್ಮ ಮನೆಯ ಮಣ್ಣಿನ ಗೋಡೆ ಒಂದೂವರೆ ಮೊಳ ದಪ್ಪ. ಅದಕ್ಕೂ ಇಲಿಗಳು ತೂತು ಹೊಡೆಯುತ್ತವೆ. ಈ ಬಡ ಗೋಡೆ ದಿನಕ್ಕೆ ಮೂರು ಹೊತ್ತು ರೊಟ್ಟಿ, ಖಾರ, ಕೆರೆಯ ನೀರು, ಅದರೊಳಗಿನ ಕೋಟಿಗಟ್ಟಲೆ ರೋಗಾಣು ಎಲ್ಲವನ್ನೂ ಎದುರಿಸಿ ನಿಲ್ಲುತ್ತದೆ. ಹೇಗೆ? ಮೇಲೆ ಲೋಳೆಯ ಸಾರಣೆ. ಆ ಲೋಳೆಯಲ್ಲಿ ಪ್ರತಿಕಾಯಗಳೆಂಬ ಕಾವಲಿನವರು. ಅವರು ರೋಗಾಣುವಿನ ಜೊತೆ ಕುಸ್ತಿಗೆ ಬೀಳುವುದಿಲ್ಲ. ಸುತ್ತಲೂ ಅಂಟಿಕೊಂಡು, ಗೋಡೆ ಮುಟ್ಟಗೊಡದೆ, ಮೆಲ್ಲಗೆ ಮುಂದಿನ ಬಾಗಿಲಿಗೆ ಸಾಗಹಾಕುತ್ತಾರೆ. ಇಷ್ಟಾದರೂ ಗೋಡೆ ಸವೆಯುತ್ತದೆ. ಸವೆದರೆ ನಮ್ಮವ್ವ ವಾರಕ್ಕೊಮ್ಮೆ ನೆಲ ಸಾರಿಸಿದ ಹಾಗೆ ವಾರ ತುಂಬುವುದರೊಳಗೆ ಹೊಸ ಗೋಡೆ! ನಾನು ಬೆಂಚಿನ ಮೇಲೆಯೇ ನನ್ನ ಹೊಟ್ಟೆ ಮುಟ್ಟಿ ನೋಡಿಕೊಂಡೆ. ಇಷ್ಟು ವರ್ಷ ಇದನ್ನು ಬೈದುಕೊಂಡು ತಿರುಗಿದೆನಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

ಆದರೆ ನನಗೆ ಹುಚ್ಚು ಹಿಡಿಸಿದ್ದು ಆಮೇಲಿನ ಮಾತು. ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿವೆಯಂತೆ. ಅಲ್ಲಿ ಬಿಳಿ ರಕ್ತಕಣಗಳು ಗುಂಪು ಕಟ್ಟಿ ಕೂತಿರುತ್ತವೆ. ದಾರಿಯಲ್ಲಿ ಹೋಗುವ ರೋಗಾಣುವನ್ನು ಒಂದಿಷ್ಟು ಒಳಗೆಳೆದು ವಿಚಾರಣೆ ಮಾಡುತ್ತವೆ. ಕೆಟ್ಟದ್ದೆಂದು ಗೊತ್ತಾದರೆ ಮೈಯೆಲ್ಲ ಸುದ್ದಿ ಮುಟ್ಟಿಸುತ್ತವೆ, ಕಾವಲಿನವರನ್ನು ತಯಾರು ಮಾಡಿ ಮತ್ತೆ ಅದೇ ಗೋಡೆಗೆ ಕರೆಸಿಕೊಳ್ಳುತ್ತವೆ. ಒಮ್ಮೆ ಕಂಡ ವೈರಿಯ ಮುಖ ಅವು ಬಹಳ ಕಾಲ ಮರೆಯುವುದಿಲ್ಲ. ಡಾಕ್ಟರು ಹೇಳುತ್ತಿದ್ದ ಹಾಗೆ ನನ್ನ ಕಣ್ಣೆದುರು ಬಂದದ್ದು ನಮ್ಮೂರ ಅಗಸಿ, ಅಂದರೆ ಊರ ಹೆಬ್ಬಾಗಿಲು. ಅದರ ಎರಡೂ ಬದಿಗೆ ಕಟ್ಟೆ. ಒಂದು ಕಟ್ಟೆಯ ಮೇಲೆ ಫಕ್ಕೀರಪ್ಪ ಕಾಕಾ, ಇನ್ನೊಂದರ ಮೇಲೆ ಇಮಾಮಸಾಬ ಕಾಕಾ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಬೆಳಗಿನ ಚಹಾ ಕುಡಿದು ಬಂದು ಕೂತರೆಂದರೆ ಅಗಸಿ ದಾಟುವ ಹೊಸ ಮುಖ ಒಂದೂ ಬಿಡುತ್ತಿರಲಿಲ್ಲ. "ಯಾವೂರ್ರಿ? ಯಾರ ಪೈಕಿ? ಯಾರ ಮನಿಗೆ ಬಂದೀರಿ?" ನನ್ನ ಕರುಳಿನ ಉಬ್ಬುಗಳಿಗೂ ಇವರಿಗೂ ಏನೂ ಫರಕಿರಲಿಲ್ಲ.

ಶ್ರಾವಣ ಬಂತು. ಸೋಮವಾರ ಸಂಜೆಗೊಬ್ಬರಂತೆ ಮಠದಲ್ಲಿ ಮಾತಾಡುವ ಪದ್ಧತಿ. ನನ್ನ ಪಾಳಿ ಬಂದಾಗ ನಾನು ಕರುಳನ್ನೇ ಎತ್ತಿಕೊಂಡೆ. ಅಷ್ಟು ಆವೇಶದಿಂದ ನಾನು ಎಂದೂ ಮಾತಾಡಿರಲಿಲ್ಲ. ಮೈಕಿನವನು ಎರಡು ಸಲ ಧ್ವನಿ ಇಳಿಸಿದ. "ನಮ್ಮ ಹೊಟ್ಟೆಯೊಳಗೂ ಒಂದು ಅಗಸಿ ಇದೆ, ಅಲ್ಲಿಯೂ ಹಿರಿಯರು ಕೂತಿದ್ದಾರೆ" ಎಂದೆನೋ ಇಲ್ಲವೋ, ಫಕ್ಕೀರಪ್ಪ ಕಾಕಾ ಎದ್ದೇ ನಿಂತರು.

"ಹಂಗಂದ್ರ ಮಾಸ್ತರ, ನಾವು ಸುಮ್ನ ಕುಂತಿಲ್ಲ ಅಂದಂಗಾತು?"

"ಸುಮ್ಮನ ಎಲ್ಲಿ ಕಾಕಾ! ನೀವಿಲ್ಲಂದ್ರ ಊರ ಇಲ್ಲ."

ಜನ ಚಪ್ಪಾಳೆ ಹೊಡೆದರು. ನಾನು ಇನ್ನಷ್ಟು ಉಬ್ಬಿ ವೈರಿಯನ್ನು ಗುರುತಿಡುವ ಭಾಗವನ್ನೇ ಮತ್ತೊಮ್ಮೆ ಹೇಳಿದೆ. ನನ್ನ ಭಾಷಣಕ್ಕೆ ಇನ್ನೊಂದು ಅರ್ಧ ಇತ್ತು. ಡಾಕ್ಟರು ಅದನ್ನೇ ಮುಖ್ಯ ಎಂದಿದ್ದರು. ಅಷ್ಟರಲ್ಲಿ ಸಜ್ಜಕದ ಪ್ರಸಾದದ ಪರಿಮಳ ಬಂತು, ಮಂದಿ ಏಳತೊಡಗಿದರು, ನಾನು ಕೈಮುಗಿದು ಇಳಿದುಬಿಟ್ಟೆ.

ಮರುದಿನದಿಂದ ಅಗಸಿಯ ರೀತಿಯೇ ಬದಲಾಯಿತು. ಮೊದಲು ಕೂತಲ್ಲಿಂದಲೇ ಕೇಳುತ್ತಿದ್ದವರು ಈಗ ಕೋಲು ಅಡ್ಡ ಹಿಡಿದು ಕೇಳತೊಡಗಿದರು. ಬಳೆಗಾರನ ಗಂಟು ಬಿಚ್ಚಿಸಿ ನೋಡಿದರು. ಹನ್ನೆರಡು ವರ್ಷದಿಂದ ದಿನಾ ಬರುವ ಟಪಾಲಿನ ಭೀಮಣ್ಣನನ್ನೂ ನಿಲ್ಲಿಸಿ "ನೀ ಯಾರ ಪೈಕಿ?" ಎಂದರು. ಅವನು ನನ್ನ ಹತ್ತಿರ ಬಂದು ಗೊಣಗಿದಾಗ ನಾನು ಹೊಟ್ಟೆ ಹಿಡಿದು ನಕ್ಕೆ. ವಿಜ್ಞಾನ ಹಳ್ಳಿಗೆ ಮುಟ್ಟಿತೆಂದು ಹೆಮ್ಮೆಯೂ ಪಟ್ಟೆ.

ಇಲ್ಲಿ ನಮ್ಮ ಮನೆಯ ಮಾತು ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ನೀಲಾಳ ಮದುವೆಯ ಭಾರ ನನ್ನ ಮೇಲಿತ್ತು. ಅವಳಿಗೆ ಇಪ್ಪತ್ತನಾಲ್ಕು ತುಂಬಿತ್ತು. ನನಗೆ ಇಪ್ಪತ್ತೊಂಬತ್ತು. ಅವಳದಾಗದೆ ನನ್ನದಿಲ್ಲ ಎಂದು ಅವ್ವ ಖಡಾಖಂಡಿತ ಹೇಳಿದ್ದಳು. ನಾನು ಸುಮ್ಮನೆ ಕೂತಿರಲಿಲ್ಲ. ಎರಡು ವರ್ಷದಲ್ಲಿ ಏಳು ವರಗಳನ್ನು ಅಗದಿ ಜಾಗರೂಕತೆಯಿಂದ ಪರೀಕ್ಷಿಸಿ ಬೇಡವೆಂದಿದ್ದೆ. ಒಬ್ಬನ ಊರಿನ ಬಾವಿ ನೀರು ಉಪ್ಪು. ಒಬ್ಬ ನಡುಬೈತಲೆ ತೆಗೆಯುತ್ತಿದ್ದ. ಮೂರನೆಯವನು ನಗುವಾಗ ಬಹಳ ಸದ್ದು ಮಾಡಿದ. ಇನ್ನೊಬ್ಬ ಬಿ.ಎಸ್ಸಿ. ಆಗಿಯೂ ಗುಡುಗು ಮೊದಲೋ ಮಿಂಚು ಮೊದಲೋ ಎಂದು ಕೇಳಿದರೆ ತಡವರಿಸಿದ. ಉಳಿದವರ ದೋಷ ಈಗ ನೆನಪಿಲ್ಲ, ಆದರೆ ಇದ್ದೇ ಇದ್ದವು. ಇನ್ನು ಮುಂದೆ ಯಾರೂ ಬರಲಾರರು ಎಂದು ಅವ್ವ ಅಳುತ್ತ ಕೂತಾಗ ಬಂದದ್ದು ಬಮ್ಮಿಗಟ್ಟಿಯ ಚನ್ನಬಸಪ್ಪನವರ ಮನೆಯ ಸಂಬಂಧ. ಹುಡುಗನಿಗೆ ಕಲಘಟಗಿಯಲ್ಲಿ ನೌಕರಿ. ಇದೂ ತಪ್ಪಿದರೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು.

ಕನ್ಯೆ ನೋಡಲು ಬರುವ ದಿನ ಅವ್ವ ಬೆಳಿಗ್ಗೆಯಿಂದ ಹತ್ತು ಸಲ ಹೇಳಿದಳು, "ಬಸ್ಸಿಗೆ ಹೋಗಿ ಕರಕೊಂಡು ಬಾರೋ." ಅತಿಥಿಗಳನ್ನು ಅಗಸಿಯ ಹೊರಗಿನ ಬಸ್ ಸ್ಟಾಪಿನಲ್ಲೇ ಎದುರುಗೊಳ್ಳುವುದು ನಮ್ಮ ಕಡೆಯ ರೀತಿ. ನಾನು "ಹತ್ತು ಮಿನಿಟ ತಡಿ ಬೇ" ಎನ್ನುತ್ತಲೇ ಇದ್ದೆ. ಯಾಕೆಂದರೆ ಶಾಲೆಯಿಂದ ಜೀರ್ಣಾಂಗದ ದೊಡ್ಡ ನಕಾಶೆ ತಂದು ಪಡಸಾಲೆಯ ಗೋಡೆಗೆ ತೂಗು ಹಾಕುತ್ತಿದ್ದೆ. ಬೀಗರಿಗೆ ಉಪ್ಪಿಟ್ಟು ತಿನ್ನಿಸುತ್ತ, ಅದು ಮುಂದೆ ಎಲ್ಲೆಲ್ಲಿ ಹೋಗುತ್ತದೆ ಎಂದು ತೋರಿಸುವ ಹಂಬಲ. ನಕಾಶೆ ಸೊಟ್ಟ ನಿಂತಿತು. ತೆಗೆದು ಮತ್ತೆ ಹಾಕಿದೆ. ತೋರುಗೋಲು ಕೈಯಲ್ಲಿ ಹಿಡಿದು ಸಣ್ಣ ಕರುಳಿನವರೆಗೆ ಒಮ್ಮೆ ತಾಲೀಮು ಮಾಡಿದೆ. ಹತ್ತರ ಬಸ್ಸು ಬಂದು ಹೋದ ಸದ್ದು ಕೇಳಿತು. ಯಾರೂ ಬರಲಿಲ್ಲ. ಹತ್ತೂವರೆ ಆಯಿತು, ಹನ್ನೊಂದೂವರೆ ಆಯಿತು. ಅವ್ವನ ಉಪ್ಪಿಟ್ಟು ಮೂರು ಸಲ ಬಿಸಿಯಾಯಿತು.

ಆಗ ಟಪಾಲಿನ ಭೀಮಣ್ಣ ಸೈಕಲ್ಲನ್ನು ಹೊಸ್ತಿಲಿಗೇ ತಂದು ನಿಲ್ಲಿಸಿದ. "ಮಾಸ್ತರ, ಚಿತ್ರಾ ಆಮ್ಯಾಲೆ ಹಚ್ಚೀರಂತ. ನಿಮ್ಮ ಬೀಗರು ಅಗಸಿ ಹೊರಗ ಬೇವಿನ ಗಿಡದ ಬುಡಕ ಕುಂತಾರ. ಹನ್ನೆರಡರ ಬಸ್ಸಿಗೆ ಹೊಳ್ಳಿ ಹೊಂಟಾರ. ಇಮಾಮಸಾಬ ಕಾಕಾ ಒಳಗ ಬಿಟ್ಟಿಲ್ಲ!"

ನಾನು ಓಡಿದೆ. ಧೋತರದ ಚುಂಗು ಒಂದು ಕೈಯಲ್ಲಿ, ಬಿಡುವುದನ್ನು ಮರೆತ ತೋರುಗೋಲು ಇನ್ನೊಂದು ಕೈಯಲ್ಲಿ. ಅಗಸಿಯಲ್ಲಿ ಫಕ್ಕೀರಪ್ಪ ಕಾಕಾ ನನ್ನನ್ನೇ ಕೋಲು ಅಡ್ಡ ಹಿಡಿದು ನಿಲ್ಲಿಸಿದರು. "ಯಾಂವಲೇ ಅಂವಾ, ಬಡಿಗಿ ಹಿಡಕೊಂಡು ಬರಾಕತ್ತಾಂವ? ಓ, ಮಾಸ್ತರ ನೀವಾ! ಬರ್ರಿ, ಬರ್ರಿ. ನೀವು ಹೇಳಿದ್ದು ಬರೋಬ್ಬರಿ ಆತ ನೋಡ್ರಿ. ವೈರಿ ಸಿಕ್ಕಾನ!"

ನಡೆದದ್ದು ಇಷ್ಟು. ಚನ್ನಬಸಪ್ಪನವರು ಹೆಂಡತಿ, ಮಗನ ಜೊತೆ ಬಸ್ಸಿಳಿದು ಅಗಸಿಗೆ ಬಂದಿದ್ದಾರೆ. ಎಂದಿನ ಹಾಗೆ ಊರು, ಪೈಕಿ ಎಲ್ಲ ಕೇಳಿದ್ದಾಗಿದೆ. ಹೆಸರು ಕೇಳಿದ ಕೂಡಲೇ ಇಮಾಮಸಾಬ ಕಾಕಾ ಕಟ್ಟೆಯಿಂದ ಇಳಿದು ಅವರ ಮುಖದ ಹತ್ತಿರ ಮುಖ ತಂದು ನೋಡಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ದನದ ಸಂತೆಯಲ್ಲಿ ಇವರಿಗೆ ಒಂದು ಎತ್ತು ಮಾರಿದವರು ಇದೇ ಚನ್ನಬಸಪ್ಪ. ಆ ಎತ್ತು ನೋಡಲು ರಾಜ, ನೊಗ ಇಟ್ಟ ಕೂಡಲೇ ಮಲಗಿಬಿಡುತ್ತಿತ್ತಂತೆ.

"ಒಮ್ಮಿ ಕಂಡ ಮೋತಿ ಮರೀಬಾರದು ಅಂತ ನೀವ ಹೇಳೀರಿ," ಎಂದರು ಇಮಾಮಸಾಬ ಕಾಕಾ, ಬಹುಮಾನ ಗೆದ್ದವರ ಹಾಗೆ. "ಮಲಗೂ ಎತ್ತು ಕೊಟ್ಟಾಂವ, ಹುಡುಗನ್ನ ಎಂಥಾಂವನ್ನ ಕೊಡ್ತಾನು? ನೀಲವ್ವ ನಮ್ಮ ಊರ ಮಗಳು. ಬಿಡೂದಿಲ್ಲ ಅಂದೆ."

ಆ ಹಿರಿಯನ ಪ್ರೀತಿಗೆ ಅಳಬೇಕೋ, ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ದೂರದಲ್ಲಿ ಎರೆಹೊಲಗಳ ನಡುವಿನ ರಸ್ತೆಯ ಮೇಲೆ ಧೂಳು ಎದ್ದಿತ್ತು. ಬಸ್ಸು! ಬೇವಿನ ಬುಡದಲ್ಲಿ ಮೂವರು ಎದ್ದು ಚೀಲ ಕೈಗೆತ್ತಿಕೊಂಡರು. ಶ್ರಾವಣದಲ್ಲಿ ಉಳಿಸಿಕೊಂಡಿದ್ದ ಅರ್ಧ ಭಾಷಣವನ್ನು ನಾನು ಅಲ್ಲೇ, ಒಂದೇ ಉಸಿರಿಗೆ ಹೇಳಿದೆ.

"ಕಾಕಾ, ನಾ ಅವತ್ತ ಅರ್ಧಾ ಹೇಳಿದ್ದೆ! ಹೊಟ್ಟಿ ಅಗಸ್ಯಾಗ ಕುಂತಾವರದು ಖರೇ ಕೆಲಸ ತಡಿಯೂದಲ್ರಿ. ಬಿಡೂದು! ನಾವು ತಿನ್ನೂ ರೊಟ್ಟಿನೂ ಹೊರಗಿಂದ ಬಂದದ್ದ, ಪಲ್ಯಾನೂ ಹೊರಗಿಂದ ಬಂದದ್ದ. ಹುಟ್ಟಿದಾಗಿಂದ ಕರುಳಾಗ ಮನಿ ಮಾಡಿಕೊಂಡಿರೂ ಒಳ್ಳೆ ಅಣುಜೀವಿ ಎಷ್ಟ ಅದಾವು! ಅವನ್ನೆಲ್ಲಾ ನೋಡಿ, ಗುರುತ ಹಿಡದು, ಕೈಕಟ್ಟಿ ಸುಮ್ನ ಕುಂದರತಾವ ನೋಡ್ರಿ, ಅದ ದೊಡ್ಡ ಶಾಣ್ಯಾತನ. ಕಂಡಕಂಡಾವರ ಕೂಡ ಜಗಳಾ ತಗದ್ರ ವೈರಿ ಸಾಯೂದಿಲ್ಲ, ಗ್ವಾಡಿನ ಹುಣ್ಣಾಗತೈತಿ. ಕಾಯೂ ಮಂದಿನ ಗ್ವಾಡಿ ಕೆಡವಿದಂಗ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದನ್ನ ಅವತ್ತ ಹೇಳಬೇಕಿತ್ತಲ್ರಿ ಮಾಸ್ತರ!" ಎಂದರು ಫಕ್ಕೀರಪ್ಪ ಕಾಕಾ.

"ಸಜ್ಜಕದ ವಾಸನಿ ಬಂದಿತ್ರಿ."

ಇಮಾಮಸಾಬ ಕಾಕಾ ಕೋಲು ಊರಿಕೊಂಡು ನೆಟ್ಟಗೆ ಬೇವಿನ ಗಿಡದ ಕಡೆ ನಡೆದರು. ನಾನು ಹಿಂದೆ ಓಡಿದೆ. ಬಸ್ಸು ಬಂದು ನಿಂತಿತ್ತು, ಹುಡುಗ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದ. ಕಾಕಾ ಅವನ ಚೀಲ ಹಿಡಿದು ಎಳೆದರು. "ಇಳೀಲೇ ತಮ್ಮಾ. ಎತ್ತಿನ ಮಾತ ಎತ್ತಿನ ಕೂಡ ಹೋತು."

ಚನ್ನಬಸಪ್ಪನವರ ಮುಖ ಇನ್ನೂ ಕೆಂಪಗಿತ್ತು. "ಸಾಬರ, ಒಂದ ಮಾತ ಕೇಳ್ರಿ. ಆ ಎತ್ತು ನಿಮಗಷ್ಟ ಮಲಗಿದ್ದಲ್ಲ. ಅಣ್ಣಿಗೇರಿಯಾಂವ ಒಬ್ಬ ನನಗ ಕೊಟ್ಟಿದ್ದ. ನನ್ನ ಹೊಲದಾಗೂ ಮಲಗಿತ್ತು!"

ಇಮಾಮಸಾಬ ಕಾಕಾ, ಚನ್ನಬಸಪ್ಪನವರು ಇಬ್ಬರೂ ಒಟ್ಟಿಗೇ ನಗತೊಡಗಿದರು. ಹೆಗಲ ಮೇಲೆ ಕೈಹಾಕಿಕೊಂಡು ಅಣ್ಣಿಗೇರಿಯವನನ್ನು ಬೈಯುತ್ತ ಅಗಸಿ ದಾಟಿದರು. ಹುಡುಗನೂ ನಕ್ಕ, ಸಾಕಷ್ಟು ಸದ್ದು ಮಾಡಿಯೇ ನಕ್ಕ. ಹಿಂದೆ ಬರುತ್ತಿದ್ದ ನನಗೆ ಹೋದ ಜೀವ ಬಂದಂತಾಗಿ ಅದು ದೋಷವಾಗಿ ಕಾಣಲಿಲ್ಲ.

ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಐದು ಜನ ಗಂಡಸರು ಊಟಕ್ಕೆ ಕೂತರು, ಇಬ್ಬರು ಕಾಕಾಗಳೂ ಸೇರಿ. ಗೋಡೆಯ ನಕಾಶೆಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ನೀಲಾಳ ಕರಿಂಡಿ ಎರಡು ಬಟ್ಟಲು ಖಾಲಿಯಾಯಿತು. ಹುಡುಗ ಅಡಿಗೆಮನೆಯ ಬಾಗಿಲ ಕಡೆ ನೋಡಿ "ಇನ್ನಷ್ಟು ಐತೇನ್ರಿ?" ಎಂದು ಕೇಳಿದ. ಒಳಗಿನಿಂದ ಬಳೆಯ ಸದ್ದಿನೊಂದಿಗೆ ಮೂರನೆಯ ಬಟ್ಟಲು ಬಂತು. ಸಂಜೆಯ ಬಸ್ಸಿಗೆ ಹೋಗುವ ಮುಂಚೆ ಸಂಬಂಧ ಗಟ್ಟಿಯಾಯಿತು.

ಬೀಗರನ್ನು ಬಸ್ಸು ಹತ್ತಿಸಿ ಬಂದು ನಾನು ಊಟಕ್ಕೆ ಕೂತೆ. ಮಧ್ಯಾಹ್ನ ಗಾಬರಿಯಲ್ಲಿ ಒಂದು ತುತ್ತೂ ಇಳಿದಿರಲಿಲ್ಲ. ನೀಲಾ ಬಡಿಸುತ್ತಿದ್ದಳು. ನಾನು ಖುಷಿಯಿಂದ ಅಗಸಿಯ ಕಥೆಯನ್ನು ಬಣ್ಣ ಹಚ್ಚಿ ಹೇಳಿದೆ. "ಎಂಥಾ ಮಂದಿ ನೋಡು, ಇಪ್ಪತ್ತು ವರ್ಷದ ಎತ್ತಿನ ಸಲುವಾಗಿ ಒಂದು ಸಂಬಂಧಾನ ಕೆಡಸ್ತಿದ್ರು!" ಎಂದು ತೊಡೆ ತಟ್ಟಿಕೊಂಡೆ.

ನೀಲಾ ನಗಲಿಲ್ಲ. "ಅಣ್ಣಾ, ಅವರು ಒಬ್ಬನ್ನ ತಡದ್ರು, ಹೊಳ್ಳಿ ಕರದ್ರು. ನೀ ಏಳು ಮಂದಿನ್ನ ತಡದಿ. ಅದರಾಗ ಆ ದೊಡ್ಡ ನಗಿಯಾಂವ ನನ್ನ ಮನಸಿಗೆ ಬಂದಿದ್ದ. ನೀ ಒಂದ ಮಾತ ಕೇಳಲಿಲ್ಲ."

ಊರಿಗೆಲ್ಲ ಹೇಳಿ ಬಂದ ಭಾಷಣದ ಉಳಿದರ್ಧ ಮೊದಲು ಬೇಕಾಗಿದ್ದವನು ಯಾರು ಎಂದು ಅಲ್ಲಿ, ಆ ತಾಟಿನ ಮುಂದೆ ನನಗೆ ತಿಳಿಯಿತು. ನಾಚಿಕೆಯಿಂದ ತಲೆ ತಗ್ಗಿಸಿದೆ. ಹಾಗೆಯೇ ತಾಟು ನೋಡುತ್ತ ಕೇಳಿದೆ, "ಇಂವಾ?"

"ಅಡ್ಡಿಯಿಲ್ಲ," ಎಂದಳು. ಈ ಸಲ ತುಟಿಯ ಕೊನೆಗೆ ನಗು ಬಂದಿತ್ತು. "ಇಂವನೂ ಜೋರ ನಗತಾನ." ಹಾಗೆನ್ನುತ್ತಲೇ ಗಡಿಗೆಯ ತಳದಲ್ಲಿ ಉಳಿದಿದ್ದ ಒಂದು ಚಮಚ ಕರಿಂಡಿಯನ್ನು ನನ್ನ ಮಜ್ಜಿಗೆ ಅನ್ನದ ಮೇಲೆ ಹಾಕಿದಳು. ನಾನು ಅಭ್ಯಾಸಬಲದಿಂದ ತಾಟಿಗೆ ಅಡ್ಡ ಕೈ ಒಡ್ಡಿದೆ.

"ಕೈ ತಗಿ ಅಣ್ಣಾ," ಎಂದಳು. ತೆಗೆದೆ.