ಬೆಟ್ಟಮ್ಮನವರನ್ನು ಜಪ್ತಿ ಮಾಡಿದ ಸಾಹೇಬರಿಗೆ

ಚಾಮರಾಜಪುರಂ, ಮೈಸೂರು
೧೯೬೨

ಅಳತೆಗೋಲು ತಪಾಸಣೆಯ ಸಾಹೇಬರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮರಗೆಲಸದ ಆರೋಗ್ಯಸ್ವಾಮಿಯಾದ ನಾನು ಉಳಿ, ಗರಗಸ ಪಕ್ಕಕ್ಕಿಟ್ಟು, ಕೈಗೆ ಮೆತ್ತಿದ ಅಂಟನ್ನು ಪಂಚೆಗೆ ಒರೆಸಿಕೊಂಡು, ತಮಗೆ ಸಲ್ಲಿಸುವ ಅನಂತಾನಂತ ನಮಸ್ಕಾರಗಳು. ತಾವೂ, ತಮ್ಮ ಹೊಸ ಮೀಟರ್ ಕೋಲೂ, ಅದಕ್ಕೆ ಮುದ್ರೆ ಒತ್ತುವ ಜವಾನರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವು ಹೋದ ಸೋಮವಾರ ಕಂಕುಳಲ್ಲಿ ಇಟ್ಟುಕೊಂಡು ಹೋದಿರಿ.

ಅಂದು ತಾವು ನನ್ನ ಬಡ ಅಂಗಡಿಗೆ ಚಿತ್ತೈಸಿ, ಮೂಲೆಗೆ ಒರಗಿಸಿದ್ದ ಹಲಸಿನ ರೀಪೊಂದನ್ನು ಎತ್ತಿ ನೋಡಿ, ಅದರ ಮೇಲೆ ಗೀರುಗಳಿರುವುದನ್ನೂ ಸರ್ಕಾರದ ಮುದ್ರೆ ಇಲ್ಲದಿರುವುದನ್ನೂ ಒಂದೇ ನೋಟಕ್ಕೆ ಪತ್ತೆಹಚ್ಚಿ, ಮೀಟರ್ ಬಂದ ಕಾಲದಲ್ಲಿ ಕಳ್ಳ ಗಜಕಡ್ಡಿ ಬಚ್ಚಿಟ್ಟಿದ್ದೀಯ ಎಂದು ಜಪ್ತಿ ಮಾಡಿದಿರಿ. ಅಬ್ಬಾ, ಏನು ಕಣ್ಣು ಸ್ವಾಮಿ ತಮ್ಮದು! ಇಂಥ ಕಣ್ಣಿಗೆ ಒಂದೇ ಒಂದು ಸಂಗತಿ ಬೀಳದೆ ಹೋಯಿತು. ಅದು ಗಜಕಡ್ಡಿಯಲ್ಲ. ಅದು ಹಿನಕಲ್ಲಿನ ಬೆಟ್ಟಮ್ಮನವರು.

ನಮ್ಮ ಕಸುಬಿನ ಪದ್ಧತಿ ತಮಗೆ ತಿಳಿಯದಿರುವುದು ಸಹಜ. ನನ್ನ ತಲೆಯಲ್ಲಿ ಅಂಕಿ ನಿಲ್ಲುವುದಿಲ್ಲ. ಗಿರಾಕಿಯ ಮನೆಯಲ್ಲಿ ಅಳೆದ ಬಾಗಿಲು ದಾರಿಯಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಕಿಟಕಿಯಾಗಿಬಿಡುತ್ತದೆ. ಅದಕ್ಕೇ ನಮ್ಮಪ್ಪನ ಕಾಲದಿಂದಲೂ ಒಂದು ಸಾಮಾನಿಗೆ ಒಂದು ಕಡ್ಡಿ. ಎತ್ತರಕ್ಕೊಂದು ಗೀರು, ಅಗಲಕ್ಕೊಂದು ಗೀರು, ಕೆಲಸ ಮುಗಿದ ಮೇಲೆ ಕಡ್ಡಿ ನೀರೊಲೆಗೆ. ಅದರಲ್ಲಿ ಅಂಗುಲವೂ ಇಲ್ಲ, ಸೆಂಟಿಮೀಟರೂ ಇಲ್ಲ, ಆದ್ದರಿಂದ ಯಾರಿಗೂ ಮೋಸ ಮಾಡುವ ಯೋಗ್ಯತೆಯೂ ಅದಕ್ಕಿಲ್ಲ. ಯೇಸುಸ್ವಾಮಿಯ ಸಾಕುತಂದೆ ಸಂತ ಜೋಜಪ್ಪನವರೂ ಬಡಗಿಯೇ. ಅವರ ಕಡ್ಡಿಗೆ ಮುದ್ರೆ ಒತ್ತಿಸಿದ್ದರೆಂದು ನಮ್ಮ ಪಾದ್ರಿಗಳು ಇದುವರೆಗೆ ಹೇಳಿದ್ದಿಲ್ಲ.

ಇನ್ನು ಬೆಟ್ಟಮ್ಮನವರ ವಿಷಯ. ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಆ ಮುದುಕಿಗೆ ಈಗ ಒಂದು ಮೊಣಕಾಲು ಮಡಚುವುದಿಲ್ಲ. ನೆಲದ ಮೇಲೆ ಕೂರಲಾರರು, ಊರಿನ ಯಾವ ಕುರ್ಚಿಯಲ್ಲೂ ಕೂರಲಾರರು, ಮಲಗಬೇಕು ಇಲ್ಲವೇ ಕೋಲೂರಿ ನಿಲ್ಲಬೇಕು. ತಾಯಿಯಿಲ್ಲದ ಮೊಮ್ಮಗಳು ಪುಟ್ಟತಾಯಮ್ಮನನ್ನು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದವರು ಅವರೇ, ಮತ್ತು ಆ ಹುಡುಗಿಯ ಧಾರೆ ಬರುವ ಭಾನುವಾರ. “ನಿಂತ್ಕಂಡು ನೋಡಕ್ಕೆ ನಾನೇನ್ ಹೊರಗಿನೋಳಾ? ಮುಂದ್ಗಡೆ ಕೂತ್ಕಬೇಕು ಕಣಪ್ಪ, ಒಂದು ಕುರ್ಚಿ ಮಾಡ್ಕೊಡು” ಎಂದು ಅವರು ನನ್ನ ಕೈ ಹಿಡಿದುಕೊಂಡರು. ಅವರ ಮಗ ಮಹದೇವು ಮತ್ತು ನಾನು ಇಟ್ಟಿಗೆ ಪೇರಿಸಿ, ಅದರ ಮೇಲೆ ಅವರನ್ನು ಇಳಿಸಿ, ಎಬ್ಬಿಸಿ, ಇಟ್ಟಿಗೆ ತೆಗೆದು, ಮತ್ತೆ ಇಳಿಸಿ, ಒಂದು ಬೆಳಗೆಲ್ಲ ಅವರ ಬೈಗುಳ ತಿಂದು, ಕೊನೆಗೆ ನೋವಿಲ್ಲದ ಎತ್ತರ ಸಿಕ್ಕಾಗ ಆ ಹಲಸಿನ ರೀಪಿನ ಮೇಲೆ ಗೀರು ಹಾಕಿಕೊಂಡೆವು. ಇನ್ನೊಂದು ಸಲ ಹೀಗೆ ಕೂರಿಸಿದರೆ ಕೈ ಮುರಿಯುತ್ತೇನೆ ಎಂದಿದ್ದಾರೆ. ಅವರು ಆಡಿದ ಮಾತಿನಂತೆ ನಡೆಯುವವರು.

ಇಷ್ಟನ್ನೂ ತಮ್ಮ ಕಚೇರಿಯಲ್ಲಿ ಕೈಮುಗಿದು ಅರಿಕೆ ಮಾಡಿಕೊಂಡಾಗ, ಕೇಸು ತೀರುವವರೆಗೆ ಸಾಕ್ಷಿ ವಸ್ತುವನ್ನು ಬಿಡಲಾಗದು ಎಂದು ತಾವು ಅಪ್ಪಣೆ ಕೊಡಿಸಿದಿರಿ. ನ್ಯಾಯವಾದ ಮಾತು. ಹಾಗಾದರೆ ಬೆಟ್ಟಮ್ಮನವರ ಮೊಣಕಾಲು ಇಂದಿನಿಂದ ಮೀಟರ್ ಲೆಕ್ಕದಲ್ಲೇ ಮಡಚತಕ್ಕದ್ದೆಂದು ಒಂದು ಆಜ್ಞೆ ಹೊರಡಿಸಿ. ಆಗದಿದ್ದರೆ ಕೇಸು ತೀರುವ ತನಕ ಹುಡುಗಿಯ ಧಾರೆಯನ್ನೂ ಜಪ್ತಿ ಮಾಡಿ ತಮ್ಮ ಬೀರುವಿನಲ್ಲಿ ಇರಿಸಿಕೊಳ್ಳಿ. ಗಂಡಿನ ಕಡೆಯವರಿಗೆ ರಸೀದಿ ಕೊಟ್ಟರೆ ಸಾಕು.

ಈ ಸುದ್ದಿ ಮುಟ್ಟಿ, ನಿನ್ನೆ ಬೆಟ್ಟಮ್ಮನವರು ಮಗನೊಂದಿಗೆ ಎತ್ತಿನ ಗಾಡಿಯಲ್ಲಿ ಗೂಟ ಹಿಡಿದು ನಿಂತುಕೊಂಡೇ ಹಿನಕಲ್ಲಿನಿಂದ ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬಹುದು. ತಾವು ಕಾಫಿಗೆ ದಯಮಾಡಿಸಿದ್ದಿರಿ. ದಣಿದಿದ್ದ ಅವರು ಇನ್ನೇನು ಬಿದ್ದೇಬಿಡುತ್ತೇನೆಂದು ತಮ್ಮ ಕುರ್ಚಿಯ ಮೇಲೆಯೇ ಒರಗಿದರು. ಮೇಜಿಗೆ ಎಟುಕಲೆಂದು ತಾವು ಆ ಕುರ್ಚಿಯ ಮೇಲೆ ನಿಯಮಾವಳಿಯ ದಪ್ಪ ಪುಸ್ತಕಗಳನ್ನು ಪೇರಿಸಿಕೊಂಡಿದ್ದೀರಲ್ಲ, ಅದರ ಒಟ್ಟು ಎತ್ತರ ನಮ್ಮ ಇಟ್ಟಿಗೆಗಳ ಎತ್ತರಕ್ಕೆ ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ! “ಅಯ್ಯಯ್ಯೋ, ಇದು ನನ್ ಸೊಂಟಕ್ಕೇ ಹೇಳಿ ಮಾಡ್ಸ್ದಂಗದೆ ಕಣ್ಲಾ ಮಾದೇವ, ಎದ್ದೇಳಕಿಲ್ಲ ಬುಡು” ಎಂದು ಅವರು ಕಣ್ಣು ಮುಚ್ಚಿದ್ದನ್ನು ಜೊತೆಗೆ ಬಂದಿದ್ದ ನಾನು ನೋಡಿದೆ. ತಾವು ಹಿಂದಿರುಗಿ, ಅವರು ತಾವಾಗಿ ಏಳುವ ತನಕ ಬಾಗಿಲ ಬಳಿ ನಿಂತೇ ಇದ್ದಿರಿ. ಕಾನೂನು ಒಬ್ಬರಿಗೆ ಇಷ್ಟು ಹಿತವಾಗಿ ಒದಗಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಆದ್ದರಿಂದ ನನ್ನ ದೂರನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ಆ ಹಲಸಿನ ಕಡ್ಡಿ ತಮ್ಮಲ್ಲೇ ಇರಲಿ; ಬೆನ್ನು ತುರಿಸಿಕೊಳ್ಳಲು ಚೆನ್ನಾಗಿದೆ.

ಇಂತು,
ಇನ್ನೂ ಮುದ್ರೆ ಬೀಳದ ತಮ್ಮ ವಿಶ್ವಾಸಿ,
ಆರೋಗ್ಯಸ್ವಾಮಿ

ಮರೆತ ಮಾತು: ತಾವು ಬಾಗಿಲಲ್ಲಿ ನಿಂತಿದ್ದಾಗ ನಾನು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದು ಕೇವಲ ಭಕ್ತಿಯಿಂದಲ್ಲ. ಬೆಟ್ಟಮ್ಮನವರು ಊರುವ ಕೋಲಿನ ಮೇಲೆ ಆ ಎತ್ತರಕ್ಕೆ ಹೊಸ ಗೀರುಗಳನ್ನು ಹಾಕಿಕೊಂಡೆ, ಅವರ ಕುರ್ಚಿ ಇಂದು ಸಿದ್ಧವಾಗಿದೆ. ಮುದ್ರೆಯಿಲ್ಲದ ಆ ಕೋಲನ್ನೂ ಜಪ್ತಿ ಮಾಡಬೇಕೆನಿಸಿದರೆ ಭಾನುವಾರ ಹಿನಕಲ್ಲಿನ ಚಪ್ಪರಕ್ಕೆ ದಯಮಾಡಿಸಿ. ಅವರು ಎಲ್ಲರಿಗಿಂತ ಮುಂದೆ ಕೂತಿರುತ್ತಾರೆ, ಕೋಲು ಅವರ ಕೈಯಲ್ಲೇ ಇರುತ್ತದೆ.