ಎಂಬತ್ತೆಂಟು ಡಿಗ್ರಿಯ ಕಾಕಾ

ಜ್ವರ ಬರಲಿ ಎಂದು ಹಂಬಲಿಸುವ ಮನುಷ್ಯರನ್ನು ನೀವು ನೋಡಿದ್ದೀರಾ? ನಮ್ಮ ಮನೆತನದಲ್ಲೇ ಒಬ್ಬರಿದ್ದಾರೆ. ಅಪ್ಪನ ತಮ್ಮ, ನಮ್ಮ ಕಾಕಾ! ಜ್ವರ ಬರಬೇಕಾದದ್ದು ಅವರಿಗಲ್ಲ, ಅವರ ಹಳೆಯ ಡೀಸೆಲ್ ಕಾರಿಗೆ. ಅದೂ ಎಷ್ಟೆಂದರೆ ಅಷ್ಟು ಬಂದರೆ ನಡೆಯುವುದಿಲ್ಲ, ಸರಿಯಾಗಿ ಎಂಬತ್ತೆಂಟು ಡಿಗ್ರಿಯೇ ಬರಬೇಕು.

ಮಸಗುಪ್ಪಿಯಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು, "ನೆನಪಿಗೆ ಏನ ಕೊಡೂಣ್ರಿ ಸರ್?" ಎಂದು ಕೇಳಿದರೆ, ಉಳಿದವರೆಲ್ಲ ಗೋಡೆ ಗಡಿಯಾರ ಕೇಳುವ ಹೊತ್ತಿನಲ್ಲಿ ಇವರು ಪ್ರಯೋಗಾಲಯದ ಉದ್ದನೆಯ ಥರ್ಮಾಮೀಟರ್ ಕೇಳಿದರು. ಅಂದಿನಿಂದ ಅವರ ಬಾಯಲ್ಲಿ ಬಿಸಿ, ತಣ್ಣಗೆ, ಬೆಚ್ಚಗೆ ಎಂಬ ಮಾತೇ ಇಲ್ಲ. ಸ್ನಾನದ ನೀರು ನಲವತ್ತೊಂದು. ಚಹಾ ಅರವತ್ತೆರಡು. ಒಮ್ಮೆ ನಾನು ಜ್ವರದಿಂದ ಮಲಗಿದ್ದಾಗ ಅದೇ ಥರ್ಮಾಮೀಟರ್ ಹಿಡಿದು ನೋಡಲು ಬಂದರು. ಅದರ ಉದ್ದ ಕಂಡು ನಾನು ಮಲಗಿದಲ್ಲೇ ಗುಣವಾದೆ!

ಈ ಕಥೆಯಲ್ಲಿ ತಪ್ಪಿತಸ್ಥ ನಾನೇ. ಕಳೆದ ಬೇಸಿಗೆಯಲ್ಲಿ ಕಾಕಾನ ಕಾರು ಇಸಿದುಕೊಂಡು ಗೆಳೆಯನ ಮದುವೆಗೆ ಹೊರಟಿದ್ದೆ. ಕಣಗಲಾದ ಹತ್ತಿರ ಹೆದ್ದಾರಿಯಲ್ಲಿ ಇಂಜಿನ್ ಕುದಿದು ಹೊಗೆ ಎದ್ದಿತು. ರಸ್ತೆ ಬದಿಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಹಿತ್ತಾಳೆಯ ಒಂದು ಸಾಮಾನು ಕಿತ್ತು ತೋರಿಸಿದ.

"ಥರ್ಮೋಸ್ಟ್ಯಾಟ್ ಕೆಟ್ಟೈತ್ರಿ. ತಗದ ಒಗದ ಬಿಡೂಣು. ನಮ್ಮ ಬಿಸಲಿಗೆ ಇದ್ಯಾಕ ಬೇಕ್ರಿ? ಈ ಕಡೆ ಯಾವ ಗಾಡ್ಯಾಗೂ ಇದನ್ನ ಉಳಿಸಿಲ್ಲ ನಾ."

ನನಗೆ ಮದುವೆ ಊಟದ ಚಿಂತೆ. ಹೂಂ ಎಂದೆ. ನಮ್ಮ ಕಡೆ ಇದು ರೂಢಿಯೇ ಬಿಡಿ. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಇರುವ ಪುಟ್ಟ ಬಾಗಿಲು ಅದು. ನೀರು ತಕ್ಕಷ್ಟು ಬಿಸಿಯಾಗುವವರೆಗೆ ಮುಚ್ಚಿಕೊಂಡಿರುತ್ತದೆ, ಆಮೇಲೆ ತಾನೇ ತೆರೆಯುತ್ತದೆ. ಬಾಗಿಲೇ ಇಲ್ಲದಿದ್ದರೆ ಇಂಜಿನ್ ಸದಾ ತಂಪು. ಇದಕ್ಕಿಂತ ಸುಖ ಬೇಕೆ? ಕಾಕಾನಿಗೆ ನಾನು ಹೇಳಲೇ ಇಲ್ಲ.

ಚಳಿಗಾಲ ಬಂತು. ಇಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕೂನ ವಿಷಯ ಹೇಳಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಕಾಕಾ ಆಕೆಯನ್ನು ಕಾರಿನಲ್ಲಿ ಹುಕ್ಕೇರಿಗೆ ಕರೆದೊಯ್ಯುತ್ತಾರೆ. ಅಲ್ಲಿ ಕಾಕೂನ ತಾಯಿ ಇದ್ದಾರೆ, ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ. ತೊಂಬತ್ತು ದಾಟಿದ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ನೆನಪೂ ಬಂದು ಹೋಗಿ ಮಾಡುತ್ತದೆ. ಆದರೆ ತಲೆ ಬಾಚಿ ಹೆರಳು ಹಾಕುವುದು ಮಾತ್ರ ಮಗಳೇ ಆಗಬೇಕು. ಸೊಸೆ ಬಾಚಣಿಗೆ ಹಿಡಿದು ಬಂದರೆ ತಲೆ ತುಂಬ ಸೆರಗು ಹೊದ್ದು ಕೂತುಬಿಡುತ್ತಾರೆ!

ಈ ಸಲ ಚಳಿ ಶುರುವಾದ ಮೇಲೆ ಎರಡು ಸೋಮವಾರ ಕಾಕೂ ಮುಖ ಸಣ್ಣದು ಮಾಡಿಕೊಂಡು ಬಂದಳು. ಆಕೆಗೆ ಸಂಧಿವಾತ. ಬೆರಳು ಮಡಚಲು ಬರದೆ ಹೆರಳು ಬಿಚ್ಚಿಹೋಯಿತಂತೆ. ಅಜ್ಜಿ ಆ ತಣ್ಣನೆಯ, ಸೆಟೆದ ಕೈ ತಡವಿ ನೋಡಿ, "ಇಕಿ ನನ್ನ ಮಗಳಲ್ಲ. ಯಾರೋ ಬ್ಯಾರೇದಾಕಿ" ಎಂದು ತಲೆ ಸರಿಸಿಕೊಂಡರಂತೆ.

"ಹ್ವಾದ ವರ್ಷ ಹಿಂಗ ಇರಲಿಲ್ಲ ತಮ್ಮಾ. ನನಗೂ ವಯಸ್ಸಾತು," ಎಂದು ಕಾಕೂ ಕಣ್ಣೊರೆಸಿಕೊಂಡಳು.

ಮರುದಿನವೇ ಕಾಕಾ ನನ್ನನ್ನು ಕಾರಿನ ಹತ್ತಿರ ಕರೆದರು. "ಬಿಸಿ ತೋರ್ಸೂ ಮುಳ್ಳು ಏಳವಲ್ದು."

"ಇಂಜಿನ್ ತಣ್ಣಗಿದ್ರ ಚಲೋನ ಆತಲ್ರಿ ಕಾಕಾ?"

"ತಣ್ಣಗಿದ್ದದ್ದಕ್ಕ ಹೆಣ ಅಂತಾರ, ಇಂಜಿನ್ ಅನ್ನೂದಿಲ್ಲ!"

ನಾನು ಕಣಗಲಾದ ಕಥೆ ಒಪ್ಪಿಕೊಂಡೆ. ಬೈಯುತ್ತಾರೆಂದು ಕಾದೆ. "ಕಾಕೂನ ಮುಂದ ಇದನ್ನ ಹೇಳಬ್ಯಾಡ," ಎಂದಷ್ಟೇ ಅಂದರು. ಆಮೇಲೆ ಮನೆಗೆಲ್ಲ ಕೇಳುವಂತೆ ಘೋಷಿಸಿದರು: ಸರಿಯಾದ ಥರ್ಮೋಸ್ಟ್ಯಾಟ್ ಸಿಗುವ ತನಕ ಕಾರು ಹುಕ್ಕೇರಿಗೆ ಹೋಗುವುದಿಲ್ಲ, ಕಾಕೂ ಬಸ್ಸಿನಲ್ಲಿ ಹೋಗುವುದೂ ಬೇಡ! ಅತ್ತೆಯ ತಲೆಗಿಂತ ಇಂಜಿನ್ನಿನ ಜ್ವರ ದೊಡ್ಡದಾಯಿತೆ? ನನಗೆ ಮೈಯೆಲ್ಲ ಉರಿಯಿತು.

ಗೋಕಾಕದ ಅಂಗಡಿಯವನು ಕಾರಿನ ಹೆಸರೂ ಕೇಳದೆ ಒಂದನ್ನು ಮೇಜಿನ ಮೇಲಿಟ್ಟ. "ಇದು ಎಲ್ಲಾ ಗಾಡಿಗೂ ಕೂಡತೈತ್ರಿ."

"ಹೌದಾ? ನಿಮ್ಮ ಚಷ್ಮಾ ಇಲ್ಲಿ ಕೊಡ್ರಿ," ಎಂದು ಕಾಕಾ ಅವನ ಕನ್ನಡಕ ಇಸಿದುಕೊಂಡು ತಮ್ಮದನ್ನು ಅವನ ಮೂಗಿಗೆ ಏರಿಸಿದರು. "ಏನರೆ ಕಾಣತೈತಿ?"

"ಏನೂ ಕಾಣವಲ್ದರಿ."

"ಬರೋಬ್ಬರಿ ಕೂತೈತಲ್ರಿ ಮತ್ತ!"

ಆ ಥರ್ಮೋಸ್ಟ್ಯಾಟ್ ಮೇಲೆ ಎಪ್ಪತ್ತಾರು ಎಂದು ಅಚ್ಚಾಗಿತ್ತು. ಅಷ್ಟಕ್ಕೇ ಬಿಟ್ಟು ಬರಬಹುದಿತ್ತು. ಆದರೆ ಕಾಕಾ ಅದನ್ನು ಎದುರಿನ ಚಹಾದಂಗಡಿಗೆ ಒಯ್ದು, ಕುದಿಯಲಿಟ್ಟ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಕೂತರು. ಜನ ಕೂಡಿತು. "ಇದು ಹೊಸಾ ನಮೂನಿ ವಡಾ ಏನ್ರಿ?" ಎಂದು ಒಬ್ಬ ಕೇಳಿದ. ಎಪ್ಪತ್ತಾರಕ್ಕೆ ಸರಿಯಾಗಿ ಅದು ಬಾಯಿ ತೆರೆಯಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಕಾಕಾ ಮಾತ್ರ ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು ಕಳಿಸಿದಂತೆ ಅದನ್ನು ವಾಪಸು ಕಳಿಸಿದರು.

ಮೂಡಲಗಿಯಲ್ಲಿ ಸಿಕ್ಕದ್ದರ ಮೇಲೆ ಎಂಬತ್ತೆಂಟು ಎಂದೇ ಬರೆದಿತ್ತು. ಅದನ್ನು ಮನೆಗೆ ತಂದು, ಕಾಕೂನ ಹಾಲಿನ ಪಾತ್ರೆಯಲ್ಲಿ ಕುದಿಸಿದರು.

"ಏನ್ರಿ, ಹಾಲಿನ ಪಾತೇಲಿ ಐತ್ರಿ ಅದು!"

"ಹಾಲು ಉಕ್ಕತೈತಿ, ಇದು ಉಕ್ಕೂದಿಲ್ಲ. ಕಾಳಜಿ ಮಾಡಬ್ಯಾಡ."

ತೊಂಬತ್ತೈದಾದರೂ ಅದು ಬಾಯಿ ಬಿಡಲಿಲ್ಲ. ಅದೇ ಪಾತ್ರೆಯಲ್ಲಿ ಕಾಸಿದ ಸಂಜೆಯ ಚಹಾಕ್ಕೆ ರಬ್ಬರಿನ ವಾಸನೆ. ನಾನು ಹಿತ್ತಲಲ್ಲಿ ಚೆಲ್ಲಿ ಬಂದೆ. ಕಾಕಾ ಪೂರ್ತಿ ಕುಡಿದು, "ಅರವತ್ತೆರಡು. ಭಾಳ ಚಲೋ ಆಗೈತಿ," ಎಂದರು!

ಆ ಸೋಮವಾರ ಹುಕ್ಕೇರಿಗೆ ಹೋಗುವುದು ತಪ್ಪಿತು. ನನ್ನ ತಾಳ್ಮೆ ಮುಗಿಯಿತು. "ಅಲ್ಲಿ ಅಜ್ಜಿ ಕೂದಲಾ ಸಿಕ್ಕಗಟ್ಟಿ ಕುಂತೈತಿ, ಇಲ್ಲಿ ನೀವು ನೀರ ಕುದಸಾಕತ್ತೀರಿ! ಯಾವದೋ ಒಂದ ಹಾಕಿ ನಡೀರಿ ಕಾಕಾ!"

ಮರುದಿನ ಕಾಕಾ ಇಂಜಿನ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಬಸ್ಸು ಹತ್ತಿದರು. ಹುಕ್ಕೇರಿಯ ಹಳೆಯ ಅಂಗಡಿಯೊಂದರಲ್ಲಿ, ಆ ನಂಬರಿಗೇ ಸರಿಹೊಂದುವ ಥರ್ಮೋಸ್ಟ್ಯಾಟ್ ಸಿಕ್ಕಿತು. ಪಾತ್ರೆಯ ಪರೀಕ್ಷೆಯಲ್ಲಿ ಎಂಬತ್ತೆಂಟಕ್ಕೆ ಬಾಯಿ ತೆರೆದು ಪಾಸಾಯಿತು.

ಸೋಮವಾರ ನಾನೂ ಜೊತೆಗೆ ಹೋದೆ. ಕಬ್ಬಿನ ಹೊಲಗಳ ಮೇಲೆ ಮಂಜು. ಮುಂದಿನ ಸೀಟಿನಲ್ಲಿ ಕಾಕೂ ಶಾಲಿನೊಳಗೆ ಕೈ ಹುದುಗಿಸಿ ಕೂತಿದ್ದಳು. ಗೋಕಾಕ ದಾಟುವ ಹೊತ್ತಿಗೆ ಮುಳ್ಳು ನಡುವೆ ಬಂದು ನಿಂತಿತು. ಕಾಕಾ ಸದ್ದಿಲ್ಲದೆ ಒಂದು ಗುಂಡಿ ತಿರುಗಿಸಿದರು. ಬೆಚ್ಚನೆಯ ಗಾಳಿ ಹಿಂದಿನ ಸೀಟಿಗೂ ಬಂತು. ಸ್ವಲ್ಪ ಹೊತ್ತಿಗೆ ಕಾಕೂ ಕೈ ಹೊರಗೆ ತೆಗೆದು, ಬೆರಳು ಮಡಚಿ ಬಿಡಿಸಿ ನೋಡತೊಡಗಿದಳು.

ಹೀಟರ್! ಇಂಜಿನ್ನಿನ ನೀರು ಬಿಸಿಯಾದರೆ ಮಾತ್ರ ಅದಕ್ಕೆ ಬಿಸಿ. ಕಾರಿನಲ್ಲಿ ಅಂಥದ್ದೊಂದು ಇದೆಯೆಂದು ಕಾಕೂಗೆ ಗೊತ್ತೇ ಇರಲಿಲ್ಲ. ಗಂಡನ ಕಾರಿನಲ್ಲಿ ಕೂತರೆ ಚಳಿ ಆಗುವುದಿಲ್ಲ ಎಂದಷ್ಟೇ ಗೊತ್ತಿತ್ತು. ಕಣಗಲಾದಲ್ಲಿ ನಾನು ಊಟದ ಅವಸರಕ್ಕೆ ಕಿತ್ತೊಗೆಸಿದ್ದು ಈ ಬಿಸಿಯನ್ನೇ. ನನಗೆ ತಲೆ ಎತ್ತಲಾಗಲಿಲ್ಲ.

ಹುಕ್ಕೇರಿಯಲ್ಲಿ ಕಾಕೂ ಒಳಗೆ ಹೋದ ಮೇಲೆ ಕೇಳಿದೆ. "ಹೀಟರಿಂದು ಕಾಕೂನ ಮುಂದರೆ ಮೊದಲ ಹೇಳಬಾರದಿತ್ತೇನ್ರಿ ಕಾಕಾ?"

"ನಿನ್ನಿಂದ ಹಿಂಗಾತು ಅಂತ ಆಕಿ ಮುಂದ ಹ್ಯಾಂಗ ಹೇಳಲೋ? ಆಕಿಗೆ ನೀ ಅಂದ್ರ ಜೀವ."

ಒಳಗೆ ಕಾಕೂ ಅಜ್ಜಿಯ ಹಿಂದೆ ಕೂತು ತಲೆಯ ಮೇಲೆ ಕೈಯಿಟ್ಟಳು. ಅಜ್ಜಿ ಸೆರಗು ಎಳೆದುಕೊಳ್ಳಲು ಹೋದವರು ನಿಂತರು. ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡರು.

"ಬಂದೀ ಏನವಾ? ಆವತ್ತ ಯಾರೋ ಬ್ಯಾರೇದಾಕಿ ಬಂದಿದ್ಲ ನೋಡ."

ಬಾಗಿಲಲ್ಲಿ ನಿಂತ ಕಾಕಾ, ಜೇಬಿನಿಂದ ಥರ್ಮಾಮೀಟರ್ ತೆಗೆದು ಸುಮ್ಮನೆ ಒರೆಸತೊಡಗಿದರು. ನಗಿಸೋಣವೆಂದು ಕೇಳಿದೆ, "ಕಾಕೂನ ಕೈ ಈಗ ಎಷ್ಟ ಡಿಗ್ರಿ ಇರಬೇಕ್ರಿ ಕಾಕಾ?"

ಕಾಕಾ ಥರ್ಮಾಮೀಟರನ್ನು ಜೇಬಿಗೆ ಇಳಿಸಿದರು.

"ಬೆಚ್ಚಗದಾವ ತಮ್ಮಾ," ಎಂದರು. "ಬೆಚ್ಚಗದಾವ."