ಆಡಿಟರಮ್ಮ ತಿರುಗಿಸಿದ ಕಾಲರ್

"ತೆರಿಗೆ ನೋಟಿಸಿಗೆಲ್ಲ ಹೆದರುವ ಗಂಡಸು ನಾನಲ್ಲ!" ಎಂದು ಮೀಸೆ ತಿರುವಿದೆ. ಮೀಸೆ ಇರಲಿಲ್ಲ, ಅದರ ಜಾಗವನ್ನು ತಿರುವಿದೆ.

ನೋಟಿಸ್ ಬಂದದ್ದು ನನ್ನ ಹೆಂಡತಿಯ ಟೈಲರಿಂಗ್ ಅಂಗಡಿಗೆ. ಖರ್ಚಿನಲ್ಲಿ ತೋರಿಸಿದ ಹೊಸ ಹೊಲಿಗೆ ಮೆಷಿನ್ ಅಂಗಡಿಯ ಕೆಲಸಕ್ಕೇ ಬಳಕೆಯಾಗುತ್ತಿದೆಯೇ? ಇಷ್ಟೇ ಪ್ರಶ್ನೆ.

"ಆಡಿಟರ್ ಹತ್ರ ಹೋಗೋಣ ರೀ."

"ಒಂದು ಕಾಗದ ಬರೆಯೋಕೆ ಆಡಿಟರ್ ಯಾಕೆ? ನಾನಿಲ್ವಾ?"

"ನೀವಿದ್ದೀರಲ್ಲ, ಅದೇ ಭಯ!"

'ಹೌದು' ಎಂದು ಬರೆದು ನಿಲ್ಲಿಸಬಹುದಿತ್ತು. ಆದರೆ ಹೆಂಡತಿಯ ಗುಣಗಾನಕ್ಕೆ ಇಂಥ ಸರ್ಕಾರಿ ಅವಕಾಶ ಮತ್ತೆ ಸಿಗುವುದುಂಟೇ? 'ಮಾನ್ಯರೇ, ನನ್ನ ಅಂಗಿಯಿಂದ ಹಿಡಿದು ನಾದಿನಿಯ ಮಕ್ಕಳ ಲಂಗದವರೆಗೆ ಸಕಲವನ್ನೂ ಆಕೆ ಅದೇ ಮೆಷಿನ್ನಿನಲ್ಲಿ ಹೊಲಿಯುತ್ತಾಳೆ' ಎಂದು ಪುಟಗಟ್ಟಲೆ ಹೊಗಳಿ ಕಳಿಸಿದೆ.

ಎರಡನೇ ನೋಟಿಸ್ ಬಂತು. 'ಸ್ವಂತ ಬಳಕೆ ಕಂಡುಬಂದಿದೆ. ಎಲ್ಲ ಲೆಕ್ಕದೊಂದಿಗೆ ಹಾಜರಾಗಿ.'

"ದಂಡ ಬಿದ್ರೆ ಅಂಗಡಿ ಮುಚ್ಚಬೇಕು ರೀ," ಎಂದಳು. ನನ್ನ ಮೀಸೆಯ ಜಾಗ ಬೆವರಿತು.

ಕೊನೆಗೆ ಆಡಿಟರ್ ಹತ್ತಿರವೇ ಹೋದೆವು. ಆಡಿಟರಮ್ಮ ನನ್ನ ಪತ್ರ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಇದರಲ್ಲಿ ನಿಜ ಎಷ್ಟು?"

"ಅಭಿಮಾನ ಪೂರ್ತಿ ನಿಜ, ಮೇಡಂ."

"ಬಟ್ಟೆ?"

"ಇವರಿಗೆ ಒಂದು ಕರ್ಚೀಫೂ ಹೊಲಿದಿಲ್ಲ, ಮೇಡಂ," ಎಂದಳು ನನ್ನವಳು. "ಗಿರಾಕಿಗಳ ಕೆಲಸಕ್ಕೇ ಪುರುಸೊತ್ತಿಲ್ಲ."

"ಸರಿ. ತೆರಿಗೆ ಆಫೀಸಲ್ಲಿ ನೀವು ಬಾಯಿ ಬಿಡಬೇಡಿ ಸಾರ್. ಕೆಮ್ಮಲೂಬೇಡಿ."

ಅಧಿಕಾರಿ ಕೇಳಿದರು: "ಮನೆಮಂದಿಗೆಲ್ಲ ಇದೇ ಮೆಷಿನ್ನಲ್ಲಿ ಹೊಲಿಯೋದಂತೆ?"

"ಇಲ್ಲ ಸರ್." ಆಡಿಟರಮ್ಮ ಗಿರಾಕಿಗಳ ರಸೀದಿ ಕಟ್ಟನ್ನು ಮೇಜಿನ ಮೇಲಿಟ್ಟರು. ಆಮೇಲೆ ಸುಮ್ಮನಾದರು. ಅಬ್ಬಾ, ಅದೆಂಥ ಮೌನ! ನನ್ನ ನಾಲಿಗೆ ತುರಿಸುತ್ತಿತ್ತು; ಅವರು ಮಾತ್ರ ಕೇಳಿದ್ದಕ್ಕಿಂತ ಅರ್ಧ ಅಕ್ಷರ ಹೆಚ್ಚು ಆಡಲಿಲ್ಲ. ಹೀಗೂ ಬಾಳಬಹುದೆಂದು ನನಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ.

"ಪತ್ರದಲ್ಲಿ ಇದೆಯಲ್ಲಮ್ಮ?"

ಆಡಿಟರಮ್ಮ ಎದ್ದು ಬಂದು ನನ್ನ ಕಾಲರ್ ಹಿಡಿದು ತಿರುಗಿಸಿದರು. ಒಳಗೆ ಕಂಪನಿಯ ಲೇಬಲ್!

"ರೆಡಿಮೇಡ್ ಸರ್. ಮನೆಯವರೆಲ್ಲರದ್ದೂ ಅಷ್ಟೇ. ಇವರು ಹೆಂಡತಿಯನ್ನ ಹೊಗಳೋಕೆ ಹೋಗಿ ಹೀಗೆ ಬರೆದುಬಿಟ್ಟಿದ್ದಾರೆ."

ಅಧಿಕಾರಿ ರಸೀದಿಗಳನ್ನೆಲ್ಲ ತಿರುವಿ ನೋಡಿದರು. ಕಡೆಗೆ ನನ್ನನ್ನು ನೋಡಿ ನಕ್ಕು ಫೈಲು ಮುಚ್ಚಿದರು. ಹೆಂಡತಿಯ ಕಣ್ಣು ತುಂಬಿತು. ನಾನು ಆ ಮಹಾತಾಯಿಗೆ ಬಾಯಿ ಬಿಡದೆಯೇ ಕೈ ಮುಗಿದೆ.

ಕಾಲರ್ ಎಳೆದ ರಭಸಕ್ಕೆ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಮನೆಗೆ ಬಂದು, "ಇದೊಂದು ಹಾಕಿಕೊಡೇ," ಎಂದೆ.

"ಅಯ್ಯೋ, ಸ್ವಂತ ಬಳಕೆ ಆಗಲ್ವಾ ರೀ?" ಎಂದು ಸೂಜಿ ದಾರ ನನ್ನ ಕೈಗೇ ಇಟ್ಟಳು. "ನೀವೇ ಹಾಕ್ಕೊಳ್ಳಿ. ಹಾಕ್ಕೊಂಡ ಮೇಲೆ ಯಾರಿಗೂ ಕಾಗದ ಬರೀಬೇಡಿ!"